ಪದ್ಮಿನಿಯೋ ಮಾರುತಿಯೋ, ಮೊದಲು ಕಾರ್ಪೆಟ್ ಎತ್ತಿ

ಉಡುಪಿಯಲ್ಲಿ ಗ್ಯಾರೇಜ್ ನಡೆಸುವ ನನಗೆ ಮಳೆಗಾಲದ ಮುಂಚೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: ಮನೆಯಲ್ಲಿ ಅಜ್ಜನ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪನ ಮಾರುತಿ 800 ಕೂಡ ಇದೆ, ಯಾವುದನ್ನು ಇಟ್ಟುಕೊಳ್ಳಲಿ? ಕೇಳುವವರು ಎಂಜಿನ್ ಬಗ್ಗೆ ಉತ್ತರ ನಿರೀಕ್ಷಿಸುತ್ತಾರೆ. ನಾನು ಕಾರ್ಪೆಟ್ ಎತ್ತಿ, ಕೆಳಗಿನ ತಗಡಿಗೆ ತುಕ್ಕು ಹಿಡಿದಿದೆಯೇ ನೋಡಿ ಎನ್ನುತ್ತೇನೆ.

ಎಂಜಿನ್ನಿನಲ್ಲಿ ಎರಡಕ್ಕೂ ಅಜಗಜಾಂತರವೇನೋ ಹೌದು. ಪದ್ಮಿನಿಯದು 1089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬುರೇಟರ್. ತಳ್ಳುವುದು ಹಿಂದಿನ ಚಕ್ರಗಳು. 1983ರಲ್ಲಿ ಬಂದ 800ರದು 796 ಸಿಸಿ, ಮೂರೇ ಸಿಲಿಂಡರ್. ಮುಂದಿನ ಚಕ್ರಗಳೇ ಎಳೆಯುತ್ತವೆ. ಪದ್ಮಿನಿಯ ಪೆಟ್ರೋಲ್ ಪಂಪ್ ಎಂಜಿನ್ನಿಗೇ ಅಂಟಿಕೊಂಡಿದೆ. ಏಪ್ರಿಲ್ ಬಿಸಿಲಿನಲ್ಲಿ ಆಗುಂಬೆ ಘಾಟಿ ಹತ್ತುವಾಗ ಅದು ಕಾದು, ಒಳಗಿನ ಪೆಟ್ರೋಲ್ ಆವಿಯಾಗಿ, ಯಾವುದೋ ತಿರುವಿನಲ್ಲಿ ಕಾರು ಮುನಿಸಿಕೊಂಡು ನಿಲ್ಲುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಕಾಯುವುದೇ ಮದ್ದು. ಎಂಪಿಎಫ್‌ಐ (ಕಾರ್ಬುರೇಟರ್ ಬದಲು ಎಲೆಕ್ಟ್ರಾನಿಕ್ ವ್ಯವಸ್ಥೆಯಿಂದ ಪೆಟ್ರೋಲ್ ಚಿಮ್ಮಿಸುವ, ನಂತರ ಬಂದ) 800ರಲ್ಲಿ ಪಂಪ್ ಟ್ಯಾಂಕಿನೊಳಗಿರುವುದರಿಂದ ಈ ತಂಟೆಯಿಲ್ಲ. ಅದರ ಕಾಯಿಲೆ ಬೇರೆ: ಜುಲೈಯಲ್ಲಿ ಸೆನ್ಸರಿನ ಕನೆಕ್ಟರ್ ಬಿಚ್ಚಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು. ಇಲಿ ವೈರ್ ಕಡಿದಿದ್ದರಂತೂ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಇವೆಲ್ಲ ದುಡ್ಡು ಕೊಟ್ಟರೆ ಸರಿಯಾಗುವ ಮಾತು. ತಗಡು ಹಾಗಲ್ಲ. ಈ ಎರಡು ಕಾರುಗಳಿಗೂ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಭಾರವನ್ನೆಲ್ಲ ಬಾಡಿಯೇ ಹೊರುತ್ತದೆ. ಮಲ್ಪೆಯ ಉಪ್ಪುಗಾಳಿಗೂ ನಾಲ್ಕು ತಿಂಗಳ ಮಳೆಗೂ ಕಾರು ಯಾವ ಇಸವಿಯದು ಎಂಬ ಹಂಗಿಲ್ಲ. ಪದ್ಮಿನಿಯಲ್ಲಿ ಹಿಂದಿನ ಪಟ್ಟಿ ಸ್ಪ್ರಿಂಗ್ ಬಾಡಿಗೆ ಸೇರುವ ಜಾಗವನ್ನು ನೋಡುತ್ತೇನೆ. 800ರಲ್ಲಿ ಬಾನೆಟ್ ತೆರೆದು ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಎರಡೂ ಸೇರಿದ ಕಂಬ) ಕುಳಿತಿರುವ ಗೋಪುರದ ಅಂಚನ್ನು. ಎರಡರಲ್ಲೂ ವೈಪರಿನ ಕೆಳಗೆ ಬೆರಳು ಹಾಕಿದರೆ ಮಾವಿನೆಲೆಯ ಕೊಳೆ ಸಿಗುತ್ತದೆ. ನೀರಿಳಿಯುವ ತೂತುಗಳನ್ನು ಅದೇ ಮುಚ್ಚಿರುತ್ತದೆ.

ಒಮ್ಮೆ ಬಂದ ಪದ್ಮಿನಿಯೊಂದಕ್ಕೆ ಮದುವಣಗಿತ್ತಿಯಂತಹ ಅಲಂಕಾರ. ಹೊಸ ಬಣ್ಣ, ಹೊಳೆಯುವ ಬಂಪರ್. ಬಾಗಿಲಿನ ಕೆಳಭಾಗಕ್ಕೆ ಆಯಸ್ಕಾಂತ ಹಿಡಿದರೆ ಜಾರಿ ಬಿದ್ದಿತು, ಬರೀ ಪುಟ್ಟಿ. ಚಾಲಕನ ಸೀಟಿನ ಹಿಂದೆ ಮ್ಯಾಟ್ ಸರಿಸಿ ಸ್ಕ್ರೂಡ್ರೈವರ್ ಒತ್ತಿದಾಗ ಅದು ಹಿಡಿಯವರೆಗೂ ಇಳಿಯಿತು. ಅದೇ ಮನೆಯ 800 ಬಣ್ಣಗೆಟ್ಟು ನೋಡಲು ಅವತಾರವಾಗಿತ್ತು, ಆದರೆ ತಳ ಗಟ್ಟಿ.

ತಳ ಎರಡರದೂ ಗಟ್ಟಿಯಿದ್ದರೆ, ದಿನವೂ ಓಡಿಸುವವರಿಗೆ ನಾನು 800 ಎಂದೇ ಹೇಳುತ್ತೇನೆ. ಅದು 2014ರವರೆಗೆ ತಯಾರಾದದ್ದು, ಬಿಡಿಭಾಗಕ್ಕೆ ಪರದಾಟವಿಲ್ಲ. ಪದ್ಮಿನಿಯ ಭಾಗಗಳನ್ನು ಹುಡುಕಿಕೊಂಡು ಹೋಗಬೇಕು. ಒಣ ಶೆಡ್ಡು, ತಾಳ್ಮೆ ಎರಡೂ ಇರುವವರು ಅದನ್ನು ಖಂಡಿತ ಇಟ್ಟುಕೊಳ್ಳಲಿ. ತೆಂಗಿನ ಮರದಡಿ ಟಾರ್ಪಾಲು ಹೊದಿಸಿ ನಿಲ್ಲಿಸುತ್ತೇವೆ ಎನ್ನುವವರು ಈಗಲೇ ಮಾರುವುದು ಒಳ್ಳೆಯದು; ಟಾರ್ಪಾಲಿನೊಳಗೆ ಕೂತ ತೇವ ಮಳೆಗಿಂತ ಬೇಗ ತಗಡನ್ನು ತಿನ್ನುತ್ತದೆ.