ಬೇಜಾರಾಗಲ್ವಾ ಆಂಟಿ ಅಂತ ಕೇಳೋರಿಗೆಲ್ಲ ಒಂದೇ ಸಲ ಉತ್ತರ

ಪ್ರಶ್ನೆ ಇದು: "ಆಂಟಿ, ಬೆಳಿಗ್ಗೆಯಿಂದ ಬರೀ ಬ್ಲೌಸ್ ಹೊಲೀತಾ ಕೂತಿರ್ತೀರಲ್ಲ, ಬೇಜಾರಾಗಲ್ವಾ? ಆದ್ರೂ ಅದ್ಹೆಂಗೆ ಯಾವಾಗ್ಲೂ ನಗ್ತಾ ಇರ್ತೀರಿ, ಏನ್ ಸೀಕ್ರೆಟ್?"

ದಾವಣಗೆರೆಯಲ್ಲಿ ನಮ್ಮನೆ ಮುಂದಿನ ರೂಮೇ ನನ್ನ ಅಂಗಡಿ. ಟ್ರಯಲ್ ನೋಡೋಕೆ ಅಂತ ಪರದೆ ಹಿಂದೆ ಹೋದೋರು ಹುಕ್ಸ್ ಹಾಕ್ಕೋತಾ ಅಲ್ಲಿಂದಾನೇ ಕೇಳ್ತಾರೆ, ಸೀರೆ ಫಾಲ್ ಕೊಡೋಕೆ ಬಂದೋರು ಬಾಗಿಲಲ್ಲಿ ಚಪ್ಪಲಿ ಬಿಡ್ತಾ ಕೇಳ್ತಾರೆ, ಮೊನ್ನೆ ಒಬ್ಬ ಹುಡುಗಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕ್ತೀನಿ ಒಂದು ಲೈನ್ ಹೇಳಿ ಅಂತ ಮೊಬೈಲ್ ಮುಖದ ಹತ್ರ ಹಿಡಿದ್ಲು. ಆ ಹೊತ್ತಲ್ಲಿ ಸಾಮಾನ್ಯವಾಗಿ ನನ್ನ ತುಟಿ ಮಧ್ಯೆ ನಾಲ್ಕೈದು ಗುಂಡುಪಿನ್ನು ಇರುತ್ತೆ. ಪಿನ್ ಕಚ್ಕೊಂಡಾಗ ಬಾಯಿ ಅಗಲ ಆಗುತ್ತೆ. ಅದನ್ನ ನಗು ಅಂದ್ಕೊಂಡಿದ್ದಾರೆ ಪಾಪ.

ಉತ್ತರ: ಬೇಜಾರಾಗುತ್ತೆ. ಫಾಲ್ ಹಚ್ಚೋದು ಬೇಜಾರು, ಮೂರು ಮೀಟರ್ ಹತ್ರ ಕೈಹೊಲಿಗೆ, ಮೇಲ್ಗಡೆ ದಾರ ಕಾಣಬಾರದು, ಮುಗಿಸಿ ಕೊಟ್ರೆ ಯಾರೂ ತಿರುಗಿಸಿ ನೋಡಲ್ಲ. ಕಾಜಾ ಮಾಡೋದು ಬೇಜಾರು. ಕರೆಂಟ್ ಹೋದಾಗ ಅರ್ಧಕ್ಕೆ ನಿಂತ ತೋಳು ನೋಡ್ಕೊಂಡು ಕೂರೋದು ಮಹಾ ಬೇಜಾರು. ಆಯ್ತಾ? ಇನ್ನು ನನ್ನದೊಂದು ಪ್ರಶ್ನೆ, ಬ್ಯಾಂಕಲ್ಲಿ ಕೂತಿರೋ ನಿಮ್ಮ ಯಜಮಾನ್ರಿಗೆ, ಇಡೀ ದಿನ ಲ್ಯಾಪ್‌ಟಾಪ್ ಮುಂದಿರೋ ನಿಮ್ಮ ಮಗನಿಗೆ ಇದನ್ನ ಕೇಳಿದೀರಾ? ಎಕ್ಸೆಲ್ ಶೀಟು ಏನು ದಿನಾ ಹೊಸ ಡಿಸೈನಲ್ಲಿ ಬರುತ್ತಾ? ಕೂಲಿ ಕೊಡುವಾಗ ಐವತ್ತು ರೂಪಾಯಿ ಕಮ್ಮಿ ಮಾಡ್ಕೊಳ್ಳಿ ಅಂತ ಅರ್ಧ ಗಂಟೆ ನಿಲ್ಲೋರೇ ನನ್ನ ಸಂತೋಷದ ಗುಟ್ಟು ಕೇಳೋದು ನೋಡಿ, ಅದಕ್ಕೇ ನಂಗೆ ಉರಿಯೋದು.

ಇದೆಲ್ಲ ಜಾಸ್ತಿ ಆಗಿದ್ದು ಆ ಮಹಿಳಾ ದಿನಾಚರಣೆ ಪ್ರೋಗ್ರಾಮಿಂದ. ಮಾರ್ಚ್ 8ಕ್ಕೆ ನಮ್ಮ ಕಡೆಯ ಒಂದು ಸಂಘದೋರು ನಂಗೆ ಸನ್ಮಾನ ಇಟ್ಕೊಂಡಿದ್ರು, ಶಾಲು, ಹಣ್ಣಿನ ಬುಟ್ಟಿ, ಗಾಜಿನದೊಂದು ಫಲಕ. ಮುಖ್ಯ ಭಾಷಣ "ಪಾಸಿಟಿವ್ ಥಿಂಕಿಂಗ್" ಮೇಲೆ. ಭಾಷಣಕ್ಕೆ ಹೊರಗಿಂದ ಮೇಡಂ ಒಬ್ರನ್ನ ಕರೆಸಿದ್ರು. ಆ ಮೇಡಂ ಹಿಂದಿನ ದಿನ ಸಂಜೆ ಸಂಘದ ಸೆಕ್ರೆಟರಿ ಜೊತೆ ನನ್ನ ಅಂಗಡಿಗೇ ಬಂದ್ರು, ಕೈಯಲ್ಲಿ ಹೊಸ ರೇಷ್ಮೆ ಸೀರೆ, ಬ್ಲೌಸ್ ಪೀಸು ಸೀರೆಯಿಂದ ಇನ್ನೂ ಕತ್ತರಿಸೇ ಇಲ್ಲ, ನಾಳೆ ಹತ್ತು ಗಂಟೆಗೆ ಬೇಕೇ ಬೇಕು ಅಂತ. ಆಗಲ್ಲ ಅಂದೆ. ಸೆಕ್ರೆಟರಿ ಕೈ ಮುಗಿದ್ರು. ರಾತ್ರಿ ಮೇಡಂ ಫೋನ್ ಮೇಲೆ ಫೋನು, ತೋಳು ಟೈಟ್ ಆಗಲ್ಲ ತಾನೇ, ಬೆನ್ನು ಡೀಪ್ ಇಟ್ಟಿಲ್ಲ ತಾನೇ, ಒಂದು ಸಲವಂತೂ ದನಿ ಅಳೋ ಹಂಗೇ ಆಗಿತ್ತು. ಮಾರನೇ ದಿನ ಅದೇ ಬ್ಲೌಸ್ ಹಾಕ್ಕೊಂಡು ಮೈಕ್ ಹಿಡಿದು ಹೇಳ್ತಿದ್ದಾರೆ, "ಸಣ್ಣ ಸಣ್ಣ ವಿಷಯಕ್ಕೆಲ್ಲ ಟೆನ್ಷನ್ ಮಾಡ್ಕೋಬಾರ್ದು ಅಮ್ಮಂದಿರೇ."

ನಾನು ಭಾಷಣ ಕೇಳ್ತಿರ್ಲಿಲ್ಲ, ಸುಳ್ಳು ಯಾಕೆ. ಅವರು ಕೈ ಎತ್ತಿದಾಗ್ಲೆಲ್ಲ ಕಂಕುಳ ಹತ್ರ ಎಳೀತಾ ಇದೆಯಾ ಅಂತ ನೋಡ್ತಿದ್ದೆ. ಎಳೀಲಿಲ್ಲ. ಒಂದು ಸುಕ್ಕು ಇಲ್ಲ. ಆ ಖುಷಿಯಲ್ಲಿ ಕೂತಿದ್ರೆ ಮೇಡಂ ನನ್ನ ಕಡೆ ಕೈ ತೋರಿಸಿ "ಇವರನ್ನ ನೋಡಿ, ಇಷ್ಟು ಕಷ್ಟದಲ್ಲೂ ಹೇಗೆ ನಗ್ತಿದ್ದಾರೆ" ಅಂದ್ರು. ಯಾವ ಕಷ್ಟ? ನಾನು ಯಾರ ಹತ್ರಾನೂ ಕಷ್ಟ ಹೇಳ್ಕೊಂಡಿರ್ಲಿಲ್ಲ. ಆಮೇಲೆ ಮೈಕ್ ಕೊಟ್ಟು ಎರಡು ಮಾತಾಡಿ ಅಂದ್ರು. ಎದುರಿಗೆ ಅಷ್ಟು ಜನ ಹೆಂಗಸ್ರು, ಅದ್ರಲ್ಲಿ ಅರ್ಧ ನನ್ನ ಗಿರಾಕಿಗಳೇ, ಹೇಳ್ಬೇಕಾಗಿದ್ದನ್ನ ಹೇಳ್ದೆ: "ದಯವಿಟ್ಟು ಕಾಟನ್ ಲೈನಿಂಗನ್ನ ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ ತಂದ್ಕೊಡಿ." ಚಪ್ಪಾಳೆ! ಮೇಡಂ ಮೈಕ್ ಕಿತ್ಕೊಂಡು, "ಎಂಥಾ ಮಾತು ನೋಡಿ, ನಾವೂ ಕಷ್ಟದಲ್ಲಿ ನೆಂದ್ರೇನೇ ಗಟ್ಟಿಯಾಗೋದು!" ಅಲ್ರೀ, ನಾನು ಲೈನಿಂಗ್ ಬಗ್ಗೆ ಹೇಳಿದ್ದು. ಕಾಟನ್ ಲೈನಿಂಗು ಮೊದಲನೇ ಒಗೆತಕ್ಕೆ ಕುಗ್ಗುತ್ತೆ, ಮೇಲಿನ ಬಟ್ಟೆ ಅಷ್ಟು ಕುಗ್ಗಲ್ಲ, ಆಗ ಬ್ಲೌಸೆಲ್ಲ ಸೊಟ್ಟಸೊಟ್ಟ ಮುದುರಿ ಟೈಲರ್ ಸರಿ ಇಲ್ಲ ಅಂತ ಹೆಸರು ನಂಗೆ ಬರುತ್ತೆ. ಇಷ್ಟೇ. ಇದರಲ್ಲಿ ಜೀವನ ಗೀವನ ಏನೂ ಇಲ್ಲ.

ಖುಷಿ ಇಲ್ವಾ ಅಂದ್ರೆ ಇದೆಯಪ್ಪಾ. ಬಟ್ಟೆನ ಓರೆಯಾಗಿ ಕತ್ತರಿಸಿ ಮಾಡಿದ ಪೈಪಿಂಗು ಕುತ್ತಿಗೆ ಮೂಲೆಯಲ್ಲಿ ಒಂಚೂರೂ ಎದ್ದೇಳದೆ ತಿರುಗಿದ್ರೆ ಖುಷಿ. ರೇಷ್ಮೆಗೆ 11ನೇ ನಂಬರ್ ಸೂಜಿ ಹಾಕಿ ಹೊಡೆದಾಗ ಮಷೀನ್ ಸದ್ದೇ ಬೇರೆ ಬರುತ್ತೆ, ಅದು ಖುಷಿ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಖುಷಿ, ಆದ್ರೆ ಮೆಣಸಿನಕಾಯಿ ಎಣ್ಣೆ ಕೈ ರೇಷ್ಮೆಗೆ ತಾಗಿದ್ರೆ ಮುಗೀತು ಕಥೆ, ಅದಕ್ಕೆ ಎಡಗೈಯಲ್ಲಿ ತಿಂತೀನಿ, ಅತ್ತೆ ಬೈತಾರೆ, ಬೈಸ್ಕೋತೀನಿ. ಇದಕ್ಕೆಲ್ಲ ಪಾಸಿಟಿವ್ ಆಗಿರ್ಬೇಕು ಅಂತೇನಿಲ್ಲ, ಮುಖ ಗಂಟು ಹಾಕ್ಕೊಂಡೂ ಪೈಪಿಂಗ್ ನೀಟಾಗಿ ಕೂರಿಸ್ಬಹುದು, ಎಷ್ಟೋ ದಿನ ಹಂಗೇ ಕೂರಿಸಿದೀನಿ.

ನೀವು ಕೇಳ್ಬೇಕಾಗಿದ್ದು ಬೇರೆ. ಅಳತೆಗೆ ಅಂತ ಕೊಡೋ ಹಳೇ ಬ್ಲೌಸಲ್ಲಿ ನಂಗೆ ಏನೇನು ಕಾಣುತ್ತೆ ಅಂತ ಒಬ್ರಾದ್ರೂ ಕೇಳಿದ್ರೆ ಟೀ ಕೊಟ್ಟು ಕೂರಿಸಿ ಹೇಳ್ತಿದ್ದೆ. ನಾನು ಮೊದಲು ಅದನ್ನ ಒಳಮುಖ ಮಾಡ್ತೀನಿ. ಸೈಡಲ್ಲಿ ಒಂದರ ಪಕ್ಕ ಒಂದು ಹೊಲಿಗೆ ಗೆರೆ ಇರುತ್ತೆ, ಬಿಚ್ಚಿದ್ದು, ಮತ್ತೆ ಹಿಡಿದಿದ್ದು. ಬಾಣಂತನಕ್ಕೆ ಬಿಚ್ಚಿದ್ದು, ಆಮೇಲೆ ಕಾಯಿಲೆ ಬಿದ್ದು ಇಳಿದಾಗ ಒಳಕ್ಕೆ ಹಿಡಿದಿದ್ದು. ಬೋರ್ಡ್ ಮೇಲೆ ಬರೆಯೋ ಟೀಚರ್ ಬ್ಲೌಸು ಬಲಗಡೆ ಕಂಕುಳಲ್ಲೇ ಮೊದಲು ಹರಿಯುತ್ತೆ. ಕೆಲವರದ್ದು ಒಂದು ಭುಜ ಇಳಿದಿರುತ್ತೆ, ಅವರಿಗೇ ಗೊತ್ತಿರಲ್ಲ, ಯಾವ ಬ್ಲೌಸ್ ಹಾಕಿದ್ರೂ ಒಂದು ಕಡೆ ಜಾರುತ್ತೆ ಅಂತ ಬೈಕೊಂಡು ಓಡಾಡ್ತಿರ್ತಾರೆ. ನಾನು ಹೇಳೋಕೆ ಹೋಗಲ್ಲ, ಆ ಕಡೆ ಕಾಲಿಂಚು ಹಿಡಿದುಬಿಡ್ತೀನಿ. "ಈ ಸಲ ಸರಿಯಾಗಿ ಹೊಲಿದಿದೀರಿ" ಅಂತಾರೆ.

ಹರಿಹರದ ಕಡೆಯಿಂದ ಒಬ್ರು ಅಜ್ಜಿ ಬರ್ತಾರೆ. 2023ರ ಜೂನಲ್ಲಿ ಶಕ್ತಿ ಯೋಜನೆ ಶುರುವಾಗಿ ಬಸ್ ಫ್ರೀ ಆದ್ಮೇಲೆ ಒಬ್ರೇ ಬರ್ತಾರೆ, ಮೊದಲು ಮಗ ಕರ್ಕೊಂಡು ಬರ್ಬೇಕಿತ್ತು. ಇಳಕಲ್ ಸೀರೆ, ಮೇಲೆ ಗುಳೇದಗುಡ್ಡದ ಖಣದ ಜಂಪರು, ಬೇರೆ ಬಟ್ಟೆ ಮುಟ್ಟಲ್ಲ. ಒಂದಿನ ಖಣ ಕೊಟ್ಟು, "ಒಳಗೊಂದು ಜೇಬು ಇಡವಾ, ಮೊಬೈಲು ಆಧಾರ್ ಕಾರ್ಡು ಎರಡೂ ಹಿಡೀಬೇಕು, ಬೆವರಿಗೆ ನೆನೀಬಾರ್ದು, ಹೊರಗಿಂದ ಕಾಣಬಾರ್ದು" ಅಂದ್ರು. ಕಂಡಕ್ಟರ್ ಕೇಳಿದಾಗ ಚೀಲ ತಡಕಾಡೋದು ಬೇಡ ಅಂತ. ಖಣದ ಪನ್ನ, ಅಂದ್ರೆ ಬಟ್ಟೆ ಅಗಲ, ಮೊದಲೇ ಚಿಕ್ಕದು, ಅಂಚು ತೋಳಿಗೆ ಬರ್ಬೇಕು, ಉಳಿಯೋದು ಚೂರುಪಾರು. ಸುಮ್ನೆ ಎದೆ ಮೇಲೆ ಜೇಬು ಹೊಲಿದ್ರೆ ಮೊಬೈಲ್ ಭಾರಕ್ಕೆ ಮುಂಭಾಗವೆಲ್ಲ ಜೋತುಬೀಳುತ್ತೆ. ಎರಡು ರಾತ್ರಿ ಅದೇ ಯೋಚನೆ, ಅನ್ನಕ್ಕೆ ಸಾರು ಹಾಕ್ಕೊಳ್ಳುವಾಗ್ಲೂ ಜೇಬೇ. ಕೊನೆಗೆ ಟೂ ಬೈ ಟೂ ರುಬಿಯಾ ಬಟ್ಟೆ ಡಬಲ್ ಮಾಡಿ, ಲೈನಿಂಗಿಗೂ ಖಣಕ್ಕೂ ಮಧ್ಯೆ ಇಟ್ಟು, ಒಂದು ಬದಿ ಸೈಡ್ ಹೊಲಿಗೆಯಲ್ಲಿ, ಕೆಳಗೆ ಸೊಂಟದ ಪಟ್ಟಿಯಲ್ಲಿ ಹಿಡಿದೆ. ಭಾರ ಪೂರ್ತಿ ಪಟ್ಟಿ ಮೇಲೆ ಹೋಯ್ತು. ಅಜ್ಜಿ ಹಾಕ್ಕೊಂಡು, ಮೊಬೈಲ್ ಇಟ್ಟು, ಬಗ್ಗಿ ಎದ್ದು, ನಮ್ಮ ಅಂಗಳದಲ್ಲಿ ನಾಲ್ಕು ಹೆಜ್ಜೆ ಜೋರಾಗಿ ನಡೆದು ನೋಡಿದ್ರು. ಅಷ್ಟರಲ್ಲಿ ಜೇಬೊಳಗಿಂದ ಮಗನ ಫೋನ್ ಬಂತು. ತೆಗೆದು, "ಏ ಆಮೇಲೆ ಮಾಡೋ, ಟ್ರಯಲ್ ನಡೀತೈತಿ" ಅಂದು ಕಟ್ ಮಾಡಿದ್ರು.

ಈಗ ಅವರ ಊರಿಂದ ಇನ್ನೂ ಮೂರು ಜನ ಜೇಬಿನ ಜಂಪರ್ ಬೇಕು ಅಂತ ಬಂದಿದ್ದಾರೆ. ಒಬ್ರಿಗೆ ಎಲೆ ಅಡಿಕೆಗೆ ಬೇರೆ ಖಾನೆ ಬೇಕಂತೆ, ಸುಣ್ಣದ ಡಬ್ಬಿ ಸಮೇತ. ಸುಣ್ಣ ಸೋರಿದ್ರೆ ಖಣ ಹಾಳಾಗುತ್ತಲ್ಲ ಅಂತ ಅದಕ್ಕೊಂದು ದಾರಿ ಹುಡುಕ್ತಾ ಇದೀನಿ.