ಬಾವಿಗಳ ಜಾಲತಾಣಕ್ಕೆ ಎರಡು ಸಲ ತಂತ್ರಾಂಶ ಆರಿಸಿದ ಅನುಭವ

ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಜಾಲತಾಣಗಳನ್ನು ಕಟ್ಟಿಕೊಡುವುದು ನನ್ನ ಕೆಲಸ. 2019ರ ಕೊನೆಯಲ್ಲಿ, ಗದಗ ಜಿಲ್ಲೆಯ ಹಳೆಯ ಬಾವಿಗಳನ್ನು ಊರೂರು ಸುತ್ತಿ ದಾಖಲಿಸುತ್ತಿದ್ದ ಸ್ವಯಂಸೇವಕರ ಬಳಗವೊಂದು ನಮ್ಮಲ್ಲಿಗೆ ಬಂದಿತು. ಅದರಲ್ಲಿ ನಿವೃತ್ತರಾದ ಇಬ್ಬರು ಮಾಸ್ತರರು, ಒಬ್ಬ ಅಕ್ಕಾವರು, ಬೆಟಗೇರಿಯ ಒಬ್ಬ ಛಾಯಾಗ್ರಾಹಕರು ಮತ್ತು ಕೆಲವು ಕಾಲೇಜು ವಿದ್ಯಾರ್ಥಿಗಳಿದ್ದರು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಜನ ಹೇಳುವ ಲಕ್ಕುಂಡಿಯಿಂದ ಆರಂಭಿಸಿ, ಸುತ್ತಲಿನ ಹಳ್ಳಿಗಳ ಬಾವಿಗಳ ಆಳ, ಮೆಟ್ಟಿಲು, ನೀರಿನ ಸ್ಥಿತಿ ಮತ್ತು ಹಿರಿಯರು ಹೇಳುವ ಹೆಸರುಗಳನ್ನು ಅವರು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದರು. ಅದನ್ನೆಲ್ಲ ಜಾಲತಾಣಕ್ಕೆ ತರಬೇಕಿತ್ತು. ಹಣವಿರಲಿಲ್ಲ, ಸರ್ವರ್ ಬಾಡಿಗೆಯನ್ನಷ್ಟೇ ತಾವು ಕೊಡುವುದಾಗಿ ಹೇಳಿದರು. ನಮ್ಮ ಮಾಲೀಕರು ಒಪ್ಪಿ ಕೆಲಸವನ್ನು ನನಗೆ ವಹಿಸಿದರು.

ಪುಟಗಳನ್ನು ಬರೆದು, ತಿದ್ದಿ, ಪ್ರಕಟಿಸಲು ಬೇಕಾದ ಸಿಎಂಎಸ್ ತಂತ್ರಾಂಶವಾಗಿ ನಾನು ಆಗ ಆರಿಸಿದ್ದು ದ್ರುಪಾಲ್‌ನ ಎಂಟನೆಯ ಆವೃತ್ತಿಯನ್ನು. ಆ ಆಯ್ಕೆಗೆ ನನ್ನಲ್ಲಿದ್ದ ಕಾರಣಗಳು ಈಗಲೂ ಸರಿಯೆಂದೇ ತೋರುತ್ತವೆ. ಬಾವಿಯೊಂದರ ಮಾಹಿತಿ ಬರಿಯ ಲೇಖನವಲ್ಲ. ಊರು, ತಾಲೂಕು, ಆಳ, ನೀರು ಇದೆಯೋ ಇಲ್ಲವೋ ಎಂಬ ಒಂದೊಂದಕ್ಕೂ ಪ್ರತ್ಯೇಕ ಖಾನೆ ಬೇಕು. ಅಂಥ ಖಾನೆಗಳನ್ನು ರೂಪಿಸುವುದು, ಒಂದೇ ಪುಟವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇಡುವುದು, ಯಾರು ಏನನ್ನು ತಿದ್ದಬಹುದೆಂದು ನಿಗದಿ ಮಾಡುವುದು, ಇವೆಲ್ಲ ದ್ರುಪಾಲ್‌ನ ಮೂಲದಲ್ಲಿಯೇ ಇವೆ. ಆರು ವಾರಗಳಲ್ಲಿ ತಾಣ ಸಿದ್ಧವಾಯಿತು. ಅದನ್ನು ಕಂಡು ಎಲ್ಲರೂ ಸಂತೋಷಪಟ್ಟರು.

ಆಮೇಲಿನ ಒಂದು ವರ್ಷದಲ್ಲಿ ಅದಕ್ಕೆ ಸೇರಿದ ಬಾವಿಗಳಲ್ಲಿ ಮುಕ್ಕಾಲು ಪಾಲನ್ನು ಸೇರಿಸಿದವನು ನಾನೇ. ಮಾಸ್ತರರು ವಾಟ್ಸಾಪಿನಲ್ಲಿ ಬರೆದು ಕಳಿಸುತ್ತಿದ್ದರು, ನಾನು ಕಚೇರಿಯ ಕೆಲಸ ಮುಗಿದ ಮೇಲೆ ಅದನ್ನು ಖಾನೆಗಳಿಗೆ ತುಂಬುತ್ತಿದ್ದೆ. ತಾಣವನ್ನು ನವೀಕರಿಸುವುದು ಇನ್ನೂ ಕಷ್ಟವಾಗಿತ್ತು. ದ್ರುಪಾಲ್‌ನ ನವೀಕರಣಕ್ಕೆ ಕಂಪೋಸರ್ ಎಂಬ ಸಾಧನವನ್ನು ಕಮಾಂಡ್ ಟೈಪ್ ಮಾಡಿ ನಡೆಸಬೇಕು, ಅದಕ್ಕೆ ಸಾಕಷ್ಟು ಮೆಮೊರಿಯೂ ಬೇಕು. ಬಳಗದವರು ಕೊಂಡಿದ್ದ ಅಗ್ಗದ ಸರ್ವರಿನಲ್ಲಿ ಅವೆರಡೂ ಇರಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ನವೀಕರಿಸಿ, ಕಡತಗಳನ್ನೆಲ್ಲ ಮತ್ತೆ ಸರ್ವರಿಗೆ ಏರಿಸುತ್ತಿದ್ದೆ. ದ್ರುಪಾಲ್ 8 ಆಧರಿಸಿದ್ದ ಸಿಂಫೋನಿ ಎಂಬ ತಂತ್ರಾಂಶ ಚೌಕಟ್ಟಿನ ಮೂರನೆಯ ಆವೃತ್ತಿಗೆ 2021ರ ನವೆಂಬರಿನಲ್ಲಿ ಬೆಂಬಲ ಮುಗಿಯುತ್ತಿದ್ದುದರಿಂದ ದ್ರುಪಾಲ್ 8ರ ಆಯುಷ್ಯವೂ ಅದೇ ತಿಂಗಳು ಮುಗಿಯಿತು. ಎಂಟರಿಂದ ಒಂಬತ್ತಕ್ಕೆ ಹೋಗುವುದು ಬಲ್ಲವರಿಗೆ ದೊಡ್ಡ ಕೆಲಸವಲ್ಲ. ಆದರೆ ಬಲ್ಲವನು ನಾನೊಬ್ಬನೇ ಆಗಿದ್ದೆ, ಆ ತಿಂಗಳುಗಳಲ್ಲಿ ಕಂಪನಿಯ ಇನ್ನೊಂದು ಕೆಲಸದಲ್ಲಿ ಮುಳುಗಿದ್ದೆ. ಭದ್ರತಾ ನವೀಕರಣವಿಲ್ಲದೆ ತಾಣ ಮೂರು ತಿಂಗಳು ಹಾಗೆಯೇ ಉಳಿಯಿತು.

ಗದುಗಿನಲ್ಲಿ ಬಳಗದವರೊಂದಿಗೆ ಕುಳಿತು ಇದನ್ನು ಹೇಳಿದಾಗ ಹಿರಿಯ ಮಾಸ್ತರರು ಕೇಳಿದ ಪ್ರಶ್ನೆ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ: “ಸರ, ನೀವು ಹುಬ್ಬಳ್ಳಿಯೊಳಗ ಇರ್ತೀರಿ, ನಾವು ಇಲ್ಲಿ ಇರ್ತೀವಿ. ನಾಳೆ ನಿಮಗ ಬೇರೆ ಊರಿಗೆ ವರ್ಗ ಆತಂದ್ರ ಇದನ್ನ ನೋಡೋರು ಯಾರ್ರೀ?” ಈ ತಂತ್ರಾಂಶ ಏನೇನು ಮಾಡಬಲ್ಲದು ಎಂದು ನಾನು ಹತ್ತಾರು ಸಲ ಲೆಕ್ಕ ಹಾಕಿದ್ದೆ, ಅದನ್ನು ಮಾಡುವವರು ಯಾರು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಎರಡನೆಯ ಸಲ ಆರಿಸುವಾಗ ಹೋಲಿಕೆಯ ಪಟ್ಟಿಗಳನ್ನು ಬದಿಗಿಟ್ಟೆವು. ಒಂದು ಭಾನುವಾರ ಮಾಸ್ತರರೊಬ್ಬರು, ಅಕ್ಕಾವರು ಮತ್ತು ಒಬ್ಬ ವಿದ್ಯಾರ್ಥಿನಿಯ ಮುಂದೆ ಮೂರು ಪ್ರಾಯೋಗಿಕ ತಾಣಗಳನ್ನಿಟ್ಟು, ಒಂದು ಬಾವಿಯ ಮಾಹಿತಿಯನ್ನೂ ಎರಡು ಫೋಟೊಗಳನ್ನೂ ಒಂದು ಗಂಟೆಯೊಳಗೆ ಪ್ರಕಟಿಸಬೇಕು, ಅಲ್ಲಿಯವರೆಗೆ ನಾನು ಬಾಯಿ ತೆರೆಯುವುದಿಲ್ಲ ಎಂದು ಹೇಳಿದೆ. ಒಂದು ತಾಣ ಆಗಲೇ ಇದ್ದ ದ್ರುಪಾಲ್, ಇನ್ನೊಂದು ವರ್ಡ್‌ಪ್ರೆಸ್, ಮೂರನೆಯದು ಹ್ಯೂಗೊ. ಹ್ಯೂಗೊ ಪುಟಗಳನ್ನು ಮೊದಲೇ ಸಿದ್ಧಪಡಿಸಿ ಸ್ಥಿರ ಕಡತಗಳಾಗಿ ಇಡುತ್ತದೆ; ಅದರಲ್ಲಿ ಡೇಟಾಬೇಸ್ ಇಲ್ಲ, ಸರ್ವರಿನಲ್ಲಿ ಒಡೆದು ನುಗ್ಗಲು ಇರುವ ದಾರಿಗಳು ಬಹಳ ಕಡಿಮೆ, ಖರ್ಚು ಹೆಚ್ಚುಕಡಿಮೆ ಶೂನ್ಯ. ನನ್ನ ಮನಸ್ಸು ಅದರ ಕಡೆಗೇ ವಾಲಿತ್ತು. ವಿದ್ಯಾರ್ಥಿನಿ ನಲವತ್ತು ನಿಮಿಷಗಳಲ್ಲಿ ಅದನ್ನು ಮಾಡಿ ಮುಗಿಸಿದಳು, ಹಿರಿಯರಿಬ್ಬರಿಗೆ ಮೊದಲ ಕಡತವನ್ನು ಉಳಿಸಲೂ ಆಗಲಿಲ್ಲ. ದ್ರುಪಾಲ್‌ನಲ್ಲಿ ಮೂವರೂ ಬರೆದರು, ಫೋಟೊ ಸೇರಿಸುವಲ್ಲಿ ಇಬ್ಬರು ನಿಂತರು. ವರ್ಡ್‌ಪ್ರೆಸ್‌ನಲ್ಲಿ ಮೂವರೂ ಪ್ರಕಟಿಸಿದರು. ಅಕ್ಕಾವರು ತಮ್ಮ ಮೊಬೈಲಿನಿಂದಲೇ ಪ್ರಕಟಿಸಿದ್ದು ಆ ದಿನ ನನಗೆ ಬಹಳ ದೊಡ್ಡ ವಿಷಯವೆನಿಸಿತು.

ಹೀಗೆ ವರ್ಡ್‌ಪ್ರೆಸ್ಸನ್ನೇ ಆರಿಸಿದೆವು. 2003ರಲ್ಲಿ ಬಿಡುಗಡೆಯಾದ ಅದರಲ್ಲಿ ಕುಂದುಗಳಿಲ್ಲವೆಂದಲ್ಲ. ಅದರ ಭದ್ರತೆಯ ತೊಂದರೆಗಳು ಬಹುಮಟ್ಟಿಗೆ ಪ್ಲಗಿನ್‌ಗಳ, ಅಂದರೆ ಹೊರಗಿನಿಂದ ಸೇರಿಸುವ ಹೆಚ್ಚುವರಿ ತಂತ್ರಾಂಶಗಳ, ಮೂಲಕ ಬರುತ್ತವೆ; ಹೀಗಾಗಿ ನಾಲ್ಕಕ್ಕಿಂತ ಹೆಚ್ಚು ಪ್ಲಗಿನ್ ಇರಕೂಡದೆಂದು ನಿಯಮ ಮಾಡಿಕೊಂಡೆವು. ಬಾವಿಯ ಖಾನೆಗಳನ್ನು ನಾನು ಪ್ರತ್ಯೇಕವಾಗಿ ರೂಪಿಸಿಕೊಟ್ಟೆ. ಸಣ್ಣ ಭದ್ರತಾ ನವೀಕರಣಗಳು ತಾವಾಗಿಯೇ ಆಗುತ್ತವೆ, ದೊಡ್ಡದು ಮಾತ್ರ ಗುಂಡಿಯೊಂದನ್ನು ಒತ್ತಿದಾಗಲೇ ಆಗುವಂತೆ ಇಟ್ಟುಕೊಂಡೆವು; ಒತ್ತುವ ಮುನ್ನ ತಾಣದ ಒಂದು ನಕಲನ್ನು ಇಳಿಸಿಕೊಳ್ಳುವುದನ್ನು ವಿದ್ಯಾರ್ಥಿಗಳಿಬ್ಬರು ಕಲಿತರು.

ಕನ್ನಡದ ಕಾರಣದಿಂದ ಬಂದ ಸಂಗತಿಗಳನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಇವು ಯಾವ ಹೋಲಿಕೆಯ ಪಟ್ಟಿಯಲ್ಲಿಯೂ ನನಗೆ ಸಿಕ್ಕಿರಲಿಲ್ಲ.

ಮಾಸ್ತರರ ಹತ್ತು ವರ್ಷಗಳ ಬರಹ ಹಳೆಯ ನುಡಿ ಫಾಂಟಿನಲ್ಲಿತ್ತು. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆಯಾದ್ದರಿಂದ, ಬರಹವನ್ನು ನೇರವಾಗಿ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೂ ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ‘ಧರ್ಮ’ ಎಂಬಲ್ಲಿ ಹಳೆಯ ಫಾಂಟು ಅರ್ಕಾವತ್ತನ್ನು ‘ಮ’ದ ನಂತರ ಇಡುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ಊರಿನ ಹೆಸರೇ ಬೇರೆಯಾಗುತ್ತದೆ. ತಂತ್ರಾಂಶ ಯಾವುದೇ ಇರಲಿ, ಈ ಕೆಲಸ ತಪ್ಪುವುದಿಲ್ಲ. ಇದಕ್ಕೆ ಬೇಕಾದ ಸಮಯವನ್ನು ಮೊದಲೇ ಲೆಕ್ಕಕ್ಕೆ ಹಿಡಿಯದೆ ಇದ್ದುದು ನನ್ನ ತಪ್ಪು.

ಎರಡನೆಯದು ಕೊಂಡಿಗಳ ವಿಷಯ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಪುಟದ ವಿಳಾಸವನ್ನೂ ಅದರಿಂದಲೇ ರೂಪಿಸುತ್ತದೆ, ಆದರೆ ಒಳಗೆ ಅದನ್ನು ಸಂಕೇತಗಳಾಗಿ ಬಿಡಿಸಿ ಇಡುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ಶೇಕಡಾ ಚಿಹ್ನೆಯೂ ಸೇರಿ ಮೂರು ಅಕ್ಷರ, ಒಟ್ಟು ಒಂಬತ್ತು. ಡೇಟಾಬೇಸಿನಲ್ಲಿ ಈ ಖಾನೆಯ ಮಿತಿ 200 ಅಕ್ಷರ. ‘ಲಕ್ಕುಂಡಿಯ ಮುಸುಕಿನ ಬಾವಿ’ ಎಂದರೆ ನಡುವಿನ ಗೆರೆಗಳೂ ಸೇರಿ 182 ಆಗುತ್ತದೆ. ಅದಕ್ಕೆ ‘ಗದಗ’ ಎಂದು ಸೇರಿಸಿದರೆ 210 ಆಗಿ ಕೊನೆ ಕಡಿದುಹೋಗುತ್ತದೆ. ಅಂಥ ಕೊಂಡಿಯನ್ನು ವಾಟ್ಸಾಪಿಗೆ ಹಾಕಿದಾಗ ಪರದೆ ತುಂಬ ಸಂಕೇತಗಳೇ ಕಾಣುತ್ತಿದ್ದವು, ಓದುವವರು ಅದನ್ನು ಒತ್ತಲು ಹಿಂಜರಿಯುತ್ತಿದ್ದರು. ಶೀರ್ಷಿಕೆಯನ್ನು ಕನ್ನಡದಲ್ಲಿಯೇ ಇಟ್ಟು, ವಿಳಾಸಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಊರಿನ ಹೆಸರು ಮತ್ತು ಒಂದು ಸಂಖ್ಯೆಯನ್ನು ಕೊಡುವುದೆಂದು ತೀರ್ಮಾನಿಸಿದೆವು.

ಹುಡುಕಾಟವೂ ಹಾಗೆಯೇ. ನಮ್ಮ ಭಾಗದಲ್ಲಿ ಅನೇಕರು ‘ಬಾವಿ’ಯನ್ನು ‘ಭಾವಿ’ ಎಂದು ಬರೆಯುತ್ತಾರೆ. ವರ್ಡ್‌ಪ್ರೆಸ್‌ನ ಹುಡುಕಾಟ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡುವುದರಿಂದ ಒಂದನ್ನು ಬರೆದವರಿಗೆ ಇನ್ನೊಂದು ಸಿಗುವುದಿಲ್ಲ. ‘ಇತರ ಹೆಸರುಗಳು’ ಎಂಬ ಖಾನೆಯೊಂದನ್ನು ಮಾಡಿ ಅದನ್ನೂ ಹುಡುಕಾಟಕ್ಕೆ ಸೇರಿಸಿದೆ. ಆಡುಮಾತಿನ ಹೆಸರುಗಳು, ಲೊಕ್ಕಿಗುಂಡಿಯಂಥ ಹಳೆಯ ಹೆಸರುಗಳು ಈಗ ಅಲ್ಲಿರುತ್ತವೆ.

ನನಗೆ ಅತ್ಯಂತ ಆತಂಕ ತಂದ ಸಂಗತಿ ಸ್ಥಳದ ಗುರುತು. ಹಾಳುಬಿದ್ದ ಗುಡಿ, ಬಾವಿಗಳಲ್ಲಿ ನಿಧಿಯಾಸೆಗೆ ಅಗೆಯುವವರು ನಮ್ಮ ಕಡೆ ಇದ್ದಾರೆ. ಊರ ಹೊರಗಿನ, ಕಾವಲಿಲ್ಲದ ಬಾವಿಯ ನಿಖರ ಸ್ಥಾನವನ್ನು ನಾವೇ ಜಗತ್ತಿಗೆ ಹೇಳಿದರೆ ಅದಕ್ಕೆ ಕೇಡು ಮಾಡಿದಂತೆ. ಅಕ್ಷಾಂಶ, ರೇಖಾಂಶಗಳ ಖಾನೆಯನ್ನು ಪುಟದಲ್ಲಿ ಕಾಣದಂತೆ ಮಾಡಿದರೆ ಸಾಲದು. ತಂತ್ರಾಂಶಗಳು ಪರಸ್ಪರ ಮಾಹಿತಿ ಪಡೆಯುವ ದಾರಿಯಲ್ಲಿಯೂ ಅದು ಹೊರಬೀಳದಂತೆ ನೋಡಿಕೊಳ್ಳಬೇಕು. ಅದಕ್ಕಿಂತ ಹೆಚ್ಚಾಗಿ ಫೋಟೊದ ಒಳಗೆ ಮೊಬೈಲು ತಾನೇ ಬರೆದಿಟ್ಟ ಜಿಪಿಎಸ್ ಗುರುತು ಇರುತ್ತದೆ. 2019ರ 5.3ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ 2560 ಪಿಕ್ಸೆಲ್‌ಗಿಂತ ದೊಡ್ಡ ಚಿತ್ರವನ್ನು ಕುಗ್ಗಿಸಿ ತೋರಿಸುತ್ತದೆಯಾದರೂ ಮೂಲ ಚಿತ್ರ ಗುರುತಿನ ಸಮೇತ ಸರ್ವರಿನಲ್ಲಿಯೇ ಉಳಿದಿರುತ್ತದೆ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಗುರುತು ಅಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ; ನಮ್ಮ ಛಾಯಾಗ್ರಾಹಕರು ಗುಣಮಟ್ಟ ಕೆಡಬಾರದೆಂದು ಯಾವಾಗಲೂ ಎರಡನೆಯ ರೀತಿಯಲ್ಲಿಯೇ ಕಳಿಸುತ್ತಿದ್ದರು. ಹಳೆಯ ತಾಣದಲ್ಲಿ ಎರಡು ವರ್ಷ ಅಂಥ ಚಿತ್ರಗಳು ಎಲ್ಲರಿಗೂ ತೆರೆದಿದ್ದವೆಂದು ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮರುದಿನ ಎಲ್ಲ ಚಿತ್ರಗಳಿಂದ ಗುರುತನ್ನು ತೆಗೆದುಹಾಕಿದೆವು. ಈಗ ಚಿತ್ರ ಏರುವಾಗಲೇ ಅದು ಅಳಿಯುವಂತೆ ಮಾಡಿದ್ದೇವೆ. ನಿಖರ ಸ್ಥಾನ ಬಳಗದ ನೋಟ್‌ಬುಕ್ಕಿನಲ್ಲಿ ಮಾತ್ರ ಇದೆ.

ಡೊಮೇನ್ ಹೆಸರು ಮೊದಲು ನನ್ನ ಇಮೇಲಿನಲ್ಲಿ ನೋಂದಣಿಯಾಗಿತ್ತು. ಅದನ್ನು ಬಳಗದ ಹೆಸರಿಗೆ ವರ್ಗಾಯಿಸಿದೆ. ಹಣ ಕಟ್ಟುವ ನೆನಪಿನ ಪತ್ರಗಳು ಈಗ ಇಬ್ಬರಿಗೆ ಹೋಗುತ್ತವೆ. ಪಾಸ್‌ವರ್ಡುಗಳನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು ಮುಚ್ಚಿ ಖಜಾಂಚಿಯವರ ಕಪಾಟಿನಲ್ಲಿ ಇಡಲಾಗಿದೆ. ಮೂರು ತಿಂಗಳಿಗೊಮ್ಮೆ ತಾಣದ ಬರಹವನ್ನೆಲ್ಲ ಸಾಮಾನ್ಯ ಸ್ಪ್ರೆಡ್‌ಶೀಟಿಗೆ ಇಳಿಸಿ, ಫೋಟೊಗಳ ಜೊತೆ ಹಾರ್ಡ್‌ಡಿಸ್ಕಿನಲ್ಲಿ ಇಡುತ್ತಾರೆ. ಮುಂದೆ ಯಾರಾದರೂ ವರ್ಡ್‌ಪ್ರೆಸ್ ಬಿಟ್ಟು ಇನ್ನೊಂದಕ್ಕೆ ಹೋಗಬಯಸಿದರೆ ಆ ಸ್ಪ್ರೆಡ್‌ಶೀಟು ಸಾಕಾಗುತ್ತದೆ.

ಕಳೆದ ತಿಂಗಳು ಮುಂಡರಗಿ ತಾಲೂಕಿನ ಆರು ಬಾವಿಗಳು ಸೇರಿದವು. ಆರನ್ನೂ ಅಕ್ಕಾವರೇ ಬರೆದು ಪ್ರಕಟಿಸಿದ್ದರು, ನನಗೆ ಗೊತ್ತಾದದ್ದು ಎರಡು ದಿನಗಳ ನಂತರ. ಅದರಲ್ಲೊಂದು ಬಾವಿಯ ಆಳದ ಖಾನೆ ಖಾಲಿಯಿತ್ತು. ಫೋನ್ ಮಾಡಿ ಕೇಳಿದರೆ, “ಹಗ್ಗ ಸಾಲಲಿಲ್ಲರೀ, ಮುಂದಿನ ವಾರ ಉದ್ದನ್ನ ಹಗ್ಗ ತಗೊಂಡು ಹೋಗ್ತೀವಿ” ಎಂದರು.