ಹದಿನೆಂಟು ಪೌಂಡಿನ ಲಾಂಛನ

ಮಗಳ ಬಾಣಂತನಕ್ಕೆಂದು ಹೆಂಡತಿಯ ಜೊತೆ ಸ್ಕಾಟ್ಲೆಂಡಿನ ಎಡಿನ್‌ಬರ್ಗ್‌ಗೆ ಹೋದ ನನಗೆ ಮೊದಲ ಮೂರು ವಾರ ಕಂಡದ್ದು ಮಳೆ, ಒಣಗಲೊಲ್ಲದ ಬಟ್ಟೆ, ಕಿಟಕಿಯಾಚೆ ಇನ್ನಷ್ಟು ಮಳೆ. ನಡುವೆ ಒಂದು ದಿನ ಕೋಟೆ ನೋಡಿ ಬಂದೆ. ಚೆನ್ನಾಗಿದೆ, ಬಾದಾಮಿಯ ಬಂಡೆ ಹತ್ತಿದವರಿಗೆ ಅಷ್ಟೇನೂ ಎನಿಸುವುದಿಲ್ಲ.

ಕೋಟೆಯಿಂದ ಇಳಿಯುವ ರಾಯಲ್ ಮೈಲ್ ಬೀದಿಯಲ್ಲಿ ಹೆಜ್ಜೆಗೊಂದು ಉಡುಗೊರೆ ಅಂಗಡಿ. ಮಗಳ ಮನೆಯೊಡತಿ ಮ್ಯಾಕ್‌ಡೊನಾಲ್ಡ್ ಮನೆತನದವರು, ಕೂಸಿಗೆ ಸ್ವೆಟರ್ ಹೆಣೆದು ಕೊಟ್ಟಿದ್ದರು. ಅವರಿಗೇನಾದರೂ ಕೊಡಬೇಕಲ್ಲ ಎಂದು ಒಂದು ಅಂಗಡಿ ಹೊಕ್ಕೆ. ಅಂಗಡಿಯವನು ಕಂಪ್ಯೂಟರಿನಲ್ಲಿ ಅಡ್ಡಹೆಸರು ಹುಡುಕಿ, ಮರದ ಹಲಗೆಯ ಮೇಲೆ ಗುರಾಣಿಯ ಆಕಾರದ ಬಣ್ಣದ ಚಿತ್ರವೊಂದನ್ನು ತೆಗೆದುಕೊಟ್ಟ. 'ಅವರ ಮನೆತನದ ಲಾಂಛನ, 18 ಪೌಂಡ್' ಎಂದ. ಕೊಟ್ಟೆ.

ಸಂಜೆ ಆಕೆ ಅದನ್ನು ನೋಡಿ ಮುಗುಳ್ನಕ್ಕು, ಮಾತಾಡದೆ ತಮ್ಮ ಅಣ್ಣನ ಕೈಗಿತ್ತರು. ಅವರು ನಿವೃತ್ತ ವಕೀಲರು. ಕನ್ನಡಕ ಏರಿಸಿಕೊಂಡು ನೋಡಿ, "ಇದನ್ನು ಗೋಡೆಗೆ ಹಾಕಿಕೊಂಡರೆ ನನ್ನ ತಂಗಿ ಬೇರೆಯವರ ಸೊತ್ತನ್ನು ತನ್ನದೆಂದ ಹಾಗಾಗುತ್ತದೆ" ಎಂದರು. ಸ್ಕಾಟ್ಲೆಂಡಿನಲ್ಲಿ ಮನೆತನದ ಲಾಂಛನ ಎಂಬುದೇ ಇಲ್ಲವಂತೆ. ಲಾಂಛನ ಒಬ್ಬ ವ್ಯಕ್ತಿಯದು, ಹೊಲದ ಹಾಗೆ ಅದಕ್ಕೆ ಒಡೆಯನುಂಟು, ವಾರಸುದಾರನುಂಟು. ಕುಲದ ಉಳಿದವರು ಬೇಕಾದರೆ ಮುಖ್ಯಸ್ಥನ ಲಾಂಛನದ ಮೇಲ್ತುದಿಯ ಶಿರೋಚಿಹ್ನೆಯನ್ನು ಬಕಲ್ ಇರುವ ಬೆಲ್ಟಿನ ಚಿತ್ರದೊಳಗೆ ಇಟ್ಟು ಧರಿಸಬಹುದು. ಅದರರ್ಥ 'ನಾನು ಇವನ ಕಡೆಯವನು' ಎಂದಷ್ಟೇ. ಆದ್ದರಿಂದ ಅಲ್ಲಿಗೆ ಹೋಗುವವರು ಕೇಳಿಸಿಕೊಳ್ಳಿ: ಸುತ್ತ ಬೆಲ್ಟ್ ಇದ್ದರೆ ಕೊಳ್ಳಿ, ಬರಿಯ ಗುರಾಣಿಯಾದರೆ ಬೇಡ. ನನ್ನ 18 ಪೌಂಡ್ ಹೋಯಿತು.

"ಹಾಕಿಕೊಂಡರೆ ಯಾರು ಕೇಳುತ್ತಾರೆ?" ಎಂದೆ, ವಕೀಲನ ಹಳೇ ಚಾಳಿ. "ಅದಕ್ಕೊಂದು ಕೋರ್ಟೇ ಇದೆ. ನಾಳೆ ಬನ್ನಿ" ಎಂದರು.

ಮರುದಿನ ನ್ಯೂ ರಿಜಿಸ್ಟರ್ ಹೌಸಿನ ಮುಂದೆ ನಿಂತೆವು. ಒಳಗೆ ಲಾರ್ಡ್ ಲಯನ್ ಕಿಂಗ್ ಆಫ್ ಆರ್ಮ್ಸ್ ಅವರ ನ್ಯಾಯಾಲಯ. ದೊರೆಯ ಘೋಷಣೆಗಳನ್ನು ಚಿತ್ತಾರದ ಜರಿಯಂಗಿ ತೊಟ್ಟು ಬೀದಿಯಲ್ಲಿ ಓದುವ ಅಧಿಕಾರಿಯೇ ಇಲ್ಲಿ ನ್ಯಾಯಾಧೀಶ. ಲಾಂಛನಗಳ ಸಾರ್ವಜನಿಕ ನೋಂದಣಿ ಪುಸ್ತಕ 1672ರ ಕಾಯಿದೆಯಿಂದ ಬಂದದ್ದು. ಅದರಲ್ಲಿ ದಾಖಲಾಗದ ಲಾಂಛನ ಬಳಸುವುದು ಅಪರಾಧ, ಮೊಕದ್ದಮೆ ಹೂಡಲು ಪ್ರತ್ಯೇಕ ಸರ್ಕಾರಿ ಅಭಿಯೋಜಕರೇ ಇದ್ದಾರೆ. ಬಹುಪರಾಕ್ ಹೇಳುವವನಿಗೇ ದಂಡ ಹಾಕುವ ಅಧಿಕಾರ! ಮೂವತ್ತು ವರ್ಷ ಧಾರವಾಡದ ಕೋರ್ಟಿನಲ್ಲಿ ಕಳೆದರೂ ಇಂಥದ್ದನ್ನು ಕೇಳಿರಲಿಲ್ಲ.

ಅಲ್ಲಿಂದ ಪಾರ್ಲಿಮೆಂಟ್ ಹಾಲ್‌ಗೆ ಕರೆದೊಯ್ದರು. 1707ರವರೆಗೆ ಸ್ಕಾಟ್ಲೆಂಡಿನ ಸಂಸತ್ತು ಸೇರುತ್ತಿದ್ದ ಜಾಗ. ಮೇಲೆ ಮರದ ಭಾರೀ ಮಾಡು, ಕೆಳಗೆ ವಕೀಲರು ಇಬ್ಬಿಬ್ಬರಾಗಿ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ ನಡೆಯುತ್ತಿದ್ದರು. ನಡೆಯುತ್ತಲೇ ಮಾತಾಡಿದರೆ ಬೇರೆಯವರ ಕಿವಿಗೆ ಪೂರ್ತಿ ಬೀಳುವುದಿಲ್ಲ. ನಾವಿಬ್ಬರೂ ಹಾಗೆಯೇ ನಡೆದೆವು, ಸುಮಾರು ಒಂದು ಗಂಟೆ.

ಅವರು ಹೇಳಿದ್ದು ತಮ್ಮ ಮೇಷ್ಟ್ರು ಡೇವಿಡ್ ಸೆಲ್ಲಾರ್ ಅವರ ಬಗ್ಗೆ. ಆಕ್ಸ್‌ಫರ್ಡ್‌ನಲ್ಲಿ ಇತಿಹಾಸ, ಎಡಿನ್‌ಬರ್ಗ್‌ನಲ್ಲಿ ಕಾನೂನು ಓದಿ ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಪಾಠ ಹೇಳಿದವರು. 2001ರಲ್ಲಿ ಬ್ಯೂಟ್ ಪರ್ಸಿವಂಟ್ ಎಂಬ ಕಿರಿಯ ಹುದ್ದೆ, 2008ರಿಂದ 2014ರವರೆಗೆ ಸ್ವತಃ ಲಾರ್ಡ್ ಲಯನ್. 2019ರಲ್ಲಿ ತೀರಿಕೊಂಡರು. ಸ್ಕಾಟ್ ಕಾನೂನಿನಲ್ಲಿ ಹಳೆಯ ಗೇಲಿಕ್ ಭಾಷೆಯ ಜನರ ಕಟ್ಟಳೆಗಳು ಅಳಿಯದೆ ಬೆರೆತು ಉಳಿದಿವೆ ಎಂಬುದು ಅವರ ವಾದ.

"ಒಂದು ಉದಾಹರಣೆ ಕೊಡಿ" ಎಂದೆ.

"ಅಸೈತ್‌ಮೆಂಟ್. ಕೊಲೆಯಾದವನ ಬಂಧುಗಳಿಗೆ ಕೊಂದವನು ತೆರಬೇಕಾದ ಪರಿಹಾರ. ಸತ್ತೇಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದಾಗ 1972ರಲ್ಲಿ ಒಂದು ದಾವೆಯಲ್ಲಿ ಆಗ ಎಲ್ಲಕ್ಕಿಂತ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. ಕೊನೆಗೆ 1976ರಲ್ಲಿ ಕಾಯಿದೆ ಮಾಡಿ ರದ್ದುಗೊಳಿಸಿದರು."

ತಮ್ಮ ಕುಲದ ಮೂಲಪುರುಷ, 1164ರಲ್ಲಿ ಸತ್ತ ಸೋಮರ್ಲೆಡ್‌ನ ವಿಷಯ ಬಂದಾಗ ಮುದುಕರ ದನಿ ಏರಿತು. ಅವನ ಗೇಲಿಕ್ ವಂಶಾವಳಿಯನ್ನು ಕಟ್ಟುಕಥೆಯೆಂದು ತಳ್ಳಿಹಾಕುವ ಹಾಗಿಲ್ಲ ಎಂದು ಸೆಲ್ಲಾರ್ 1966ರಲ್ಲೇ ಬರೆದಿದ್ದರು. ಮುಂದೆ ಡಿಎನ್‌ಎ ಪರೀಕ್ಷೆ ಗಂಡುಸಂತಾನದ ಮೂಲ ಸ್ಕ್ಯಾಂಡಿನೇವಿಯಾದ ನಾರ್ಸ್ ಜನರ ಕಡೆಗಿದೆ ಎಂದಿತು. "ರಕ್ತ ಒಂದು ಹೇಳುತ್ತದೆ, ಬಾಯಿ ಒಂದು ಹೇಳುತ್ತದೆ" ಎಂದು ನಡೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ 1249ರ ಕಥೆ: ಸ್ಕೋನ್ ಎಂಬ ಊರಿನಲ್ಲಿ ಎಂಟು ತುಂಬದ ಮೂರನೇ ಅಲೆಕ್ಸಾಂಡರನಿಗೆ ಸ್ಕಾಟ್ಲೆಂಡಿನ ಪಟ್ಟವಾದಾಗ ಮಲೆನಾಡಿನ ಮುದುಕನೊಬ್ಬ ಮುಂದೆ ಬಂದು ಮೊಣಕಾಲೂರಿ ಅರಸನ ವಂಶಾವಳಿಯನ್ನು ಗೇಲಿಕ್‌ನಲ್ಲಿ ಒಪ್ಪಿಸಿದ. ಲಾರ್ಡ್ ಲಯನ್ ಆ ಮುದುಕನ ಉತ್ತರಾಧಿಕಾರಿ ಎಂಬ ನಂಬಿಕೆ ಇದೆಯಂತೆ.

ನನಗೆ ತಡೆಯಲಾಗಲಿಲ್ಲ. ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಬರುವ ಹೆಳವನ ಕಥೆ ಹೇಳಿದೆ. ಎತ್ತಿನ ಮೇಲೆ ಕಾಲು ಮಡಚಿ ಕೂತು, ಗಂಟೆ ಬಾರಿಸುತ್ತ ಅಂಗಳಕ್ಕೆ ಬಂದು ಏಳು ತಲೆಮಾರಿನ ಹೆಸರು ಹೇಳುವವನು. ಜೋಳ ಹಾಕಿದರೆ ಹೊಸ ಕೂಸುಗಳ ಹೆಸರು ಬರೆದುಕೊಂಡು ಹೋಗುತ್ತಾನೆ. ಒಂದು ವಾಟ್ನಿ, ಅಂದರೆ ಆಸ್ತಿ ಪಾಲಿನ, ದಾವೆಯಲ್ಲಿ ಅವನ ಪುಸ್ತಕವನ್ನು ನಾನೇ ಸಾಕ್ಷ್ಯಕ್ಕೆ ಹಾಜರುಪಡಿಸಿದ್ದೆ. ಎದುರು ವಕೀಲರು ನಕ್ಕಿದ್ದರು.

"ಅವನಿಗೆ ಜರಿಯಂಗಿ ಇಲ್ಲವೇ?" ಎಂದರು ಮುದುಕರು.

"ಕಂಬಳಿ ಇದೆ" ಎಂದೆ.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಹೆಳವ ಹೋದ ವಾರ ಬಂದಿದ್ದನಂತೆ, ಈಗ ಎತ್ತಿಲ್ಲ, ಮೋಟಾರ್ ಸೈಕಲ್. "ನಿನ್ನ ಮೊಮ್ಮಗಳ ಹೆಸರು ಬರೆಸಿದೆನಣ್ಣಾ" ಎಂದ ತಮ್ಮ. "ಹುಟ್ಟಿದ ಊರು ಎಡಿನ್‌ಬರ್ಗ್ ಎಂದೆ. ತಾಲೂಕು ಯಾವುದು ಎಂದು ಕೇಳಿ, ಅಷ್ಟು ಜಾಗ ಖಾಲಿ ಬಿಟ್ಟು ಹೋಗಿದ್ದಾನೆ. ನೀನು ಬಂದ ಮೇಲೆ ಹೇಳಬೇಕಂತೆ."